ತಮ್ಮ ಮಾರ್ಮನ್ ಮಿಷನರಿಯಾಗಿ ಎರಡು ವರ್ಷ ಇಂಗ್ಲೆಂಡಿಗೆ ಹೊರಟಿದ್ದಾನೆ. ಅಲ್ಲಿ ದಿನ ಹೇಗಿರುತ್ತದೆ, ತಿಳಿದವರು ಹೇಳಿ

ಕೋಡಿಬಾಗದ ಅಕ್ಕ:

ಎಲ್ಲರಿಗೂ ನಮಸ್ಕಾರ. ನಾವು ಕಾರವಾರದ ಕೋಡಿಬಾಗದವರು. ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ. ಮೊದಲಿನಿಂದಲೂ ಕ್ಯಾಥೊಲಿಕ್ ಕುಟುಂಬ. ಪಪ್ಪ ಬೈತಖೋಲ್ ಬಂದರಿನಲ್ಲಿ ಕೆಲಸ ಮಾಡಿ ನಿವೃತ್ತರಾದರು. ನಾನು ಮದುವೆಯಾಗಿ ಸದಾಶಿವಗಡದಲ್ಲಿದ್ದೇನೆ. ಕಾಳಿ ಸೇತುವೆ ದಾಟಿದರೆ ತವರುಮನೆ.

ತಮ್ಮನಿಗೆ ಈಗ 23. ಡಿಪ್ಲೊಮಾ ಮುಗಿಸಿ ಬೆಂಗಳೂರಿಗೆ ಕೆಲಸಕ್ಕೆ ಹೋದ. ಅಲ್ಲಿ ರೂಮಿನಲ್ಲಿ ಜೊತೆಗಿದ್ದ ಹುಡುಗ ಮಾರ್ಮನ್ ಚರ್ಚಿನವನು. ಲ್ಯಾಟರ್-ಡೇ ಸೇಂಟ್ಸ್ ಅಂತಾರಲ್ಲ, ಅಮೆರಿಕದಲ್ಲಿ ಶುರುವಾದ ಬೇರೆ ಚರ್ಚು, ಅವರು. ಭಾನುವಾರ ಅವನ ಜೊತೆ ಹೋಗಿ ಬರುತ್ತಾ ಇವನೂ ಸೇರಿಕೊಂಡ. ಹೊಸದಾಗಿ ಜ್ಞಾನಸ್ನಾನ (ಬ್ಯಾಪ್ಟಿಸಮ್) ತೆಗೆದುಕೊಂಡ. ಮನೆಗೆ ಹೇಳಿಯೇ ತೆಗೆದುಕೊಂಡ, ಮುಚ್ಚಿಡಲಿಲ್ಲ. ಆಗಲೇ ಮನೆಯಲ್ಲಿ ದೊಡ್ಡ ಅಳು ಆಯಿತು. ಹೇಗೋ ಎಲ್ಲ ಸಮಾಧಾನಕ್ಕೆ ಬಂತು ಅನ್ನುವಾಗ ಈಗ ಇನ್ನೊಂದು. ಮಿಷನ್ ಸೇವೆಗೆ, ಅಂದರೆ ಊರೂರು ತಿರುಗಿ ಚರ್ಚಿನ ವಿಷಯ ಹೇಳುವ ಕೆಲಸಕ್ಕೆ, ಅರ್ಜಿ ಹಾಕಿದ್ದನಂತೆ. ಇಂಗ್ಲೆಂಡಿನ ಲೀಡ್ಸ್ ಮಿಷನ್ ಎಂದು ಬಂದಿದೆ. ಎರಡು ವರ್ಷ. ಸಂಬಳ ಇಲ್ಲ. ಕೆಲಸಕ್ಕೆ ರಾಜೀನಾಮೆ ಕೊಟ್ಟಾಗಿದೆ.

ಮಾಯ್ (ಅಮ್ಮ) ರಾತ್ರಿ ತೇರ್ಸ, ಅಂದರೆ ಜಪಮಾಲೆಯ ಪ್ರಾರ್ಥನೆ, ಮುಗಿದ ಮೇಲೆ ಊಟಕ್ಕೆ ಏಳುವುದಿಲ್ಲ. ಪಪ್ಪ ಏನೂ ಮಾತಾಡುವುದಿಲ್ಲ. ತಮ್ಮನ ಹತ್ತಿರ ಕೇಳಿದರೆ "ಎಲ್ಲ ಚೆನ್ನಾಗಿರುತ್ತದೆ ಅಕ್ಕ" ಅಂತಾನೆ. ಚೆನ್ನಾಗಿರುತ್ತದೆ ಅಂದರೆ ಹೇಗೆ? ಅವನಿಗೆ ಅನ್ನ ಮಾಡಲೂ ಸರಿಯಾಗಿ ಬರುವುದಿಲ್ಲ. ಚಳಿ ಆಗುವುದಿಲ್ಲ. ಬೇಜಾರಾದರೆ ಒಬ್ಬನೇ ನದಿ ಕಡೆ ಹೋಗಿ ಕೂರುವ ಹುಡುಗ.

ನನಗೆ ಬೇಕಾದದ್ದು ಧರ್ಮದ ವಾದ ಅಲ್ಲ. ಅವನು ಬೆಳಿಗ್ಗೆ ಎದ್ದು ಮಲಗುವವರೆಗೆ ಏನು ಮಾಡುತ್ತಾನೆ? ಯಾರ ಜೊತೆ ಇರುತ್ತಾನೆ? ನಮಗೆ ಫೋನ್ ಮಾಡಬಹುದಾ? ಹುಷಾರು ತಪ್ಪಿದರೆ ಯಾರು ನೋಡುತ್ತಾರೆ? ಆಗಲ್ಲ ಅನ್ನಿಸಿದರೆ ವಾಪಸ್ ಬರಲು ಬಿಡುತ್ತಾರಾ? ಗೊತ್ತಿದ್ದವರು ದಯವಿಟ್ಟು ಹೇಳಿ. ಮಾಯ್‌ಗೆ ಓದಿ ಹೇಳುತ್ತೇನೆ.

ಯಾಣದ ದಾರಿ:

ಅಕ್ಕ, ನಾನು ಸಿರ್ಸಿ ಕಡೆಯವನು. ಈಗ ಅಮೆರಿಕದ ಯೂಟಾದಲ್ಲಿದ್ದೇನೆ, ಸಾಲ್ಟ್ ಲೇಕ್ ಸಿಟಿಯಿಂದ ಸ್ವಲ್ಪ ದೂರ. ಈ ಚರ್ಚಿನ ಕೇಂದ್ರ ಕಚೇರಿ ಇರುವ ಊರು ಅದು. ನಾನು ಆ ಚರ್ಚಿನವನಲ್ಲ, ಆದರೆ ನಮ್ಮ ಬೀದಿಯಲ್ಲಿ ಹೆಚ್ಚಿನ ಮನೆಗಳು ಅವರವೇ. ಇಲ್ಲಿ ಗಂಡುಹುಡುಗರು 18 ತುಂಬಿದ ಮೇಲೆ ಎರಡು ವರ್ಷ ಹೋಗುತ್ತಾರೆ. ಹುಡುಗಿಯರೂ ಹೋಗುತ್ತಾರೆ, ಅವರಿಗೆ 18 ತಿಂಗಳು. ಯಾವ ದೇಶ ಎಂದು ಅವರು ಆರಿಸಿಕೊಳ್ಳುವ ಹಾಗಿಲ್ಲ. ಕಳಿಸಿದಲ್ಲಿಗೆ ಹೋಗಬೇಕು. ಪಕ್ಕದ ಮನೆ ಹುಡುಗನಿಗೆ ಬ್ರೆಜಿಲ್ ಬಂತು. ಅವನ ತಾಯಿ ನಮ್ಮೆದುರು ನಗುತ್ತಿದ್ದರು, ಹಿತ್ತಲಲ್ಲಿ ಒಬ್ಬರೇ ಅಳುತ್ತಿದ್ದದ್ದನ್ನು ನನ್ನ ಹೆಂಡತಿ ನೋಡಿದ್ದಾಳೆ. ನಿಮ್ಮ ತಾಯಿಗೆ ಇದನ್ನು ಹೇಳಿ. ಆ ಚರ್ಚಿನಲ್ಲೇ ಹುಟ್ಟಿದ ತಾಯಂದಿರಿಗೂ ಅಷ್ಟೇ ಸಂಕಟ.

ಇನ್ನೊಂದು ವಿಷಯ. ಅವರು ಚಹಾ, ಕಾಫಿ ಮುಟ್ಟುವುದಿಲ್ಲ. 1833ರಿಂದ ಬಂದ ನಿಯಮ. ನಮ್ಮ ಆಯಿ ಇಲ್ಲಿಗೆ ಬಂದಾಗ ಪಕ್ಕದವರಿಗೆ ಚಹಾ ಕೊಟ್ಟಳು, ಅವರು ಬೇಡ ಎಂದರು, ಆಯಿಗೆ ಬೇಸರವಾಯಿತು. ಕಾರಣ ತಿಳಿದ ಮೇಲೆ ಮರುದಿನ ಕಷಾಯ ಕಾಯಿಸಿ ಕೊಟ್ಟಳು. ಕೊತ್ತಂಬರಿ, ಜೀರಿಗೆ, ಹಾಲು, ಬೆಲ್ಲ. ಮತ್ತೆ ಕೇಳಿ ಕುಡಿದರು. ಚಹಾ ಸೊಪ್ಪು ಇಲ್ಲದಿದ್ದರೆ ತೊಂದರೆಯಿಲ್ಲವಂತೆ. ತಮ್ಮನ ಬ್ಯಾಗಿನಲ್ಲಿ ಒಂದು ಡಬ್ಬಿ ಕಷಾಯದ ಪುಡಿ ಹಾಕಿ. ಇಂಗ್ಲೆಂಡಿನ ಚಳಿಗೆ ಬೇಕಾಗುತ್ತದೆ.

ಬೇಲೇಕೇರಿ ಹುಡುಗ:

ಅಕ್ಕ, ನಿಮ್ಮ ಪ್ರಶ್ನೆ ಓದಿ ತಕ್ಷಣ ಬರೆಯಲು ಕೂತೆ. ನಾನು ಅಂಕೋಲಾದ ಹತ್ತಿರ ಬೇಲೇಕೇರಿಯವನು. ಈಗ ಕಾರವಾರದಲ್ಲಿ ಕೆಲಸ. 2016ರಿಂದ 2018ರವರೆಗೆ ಅದೇ ಲೀಡ್ಸ್ ಮಿಷನ್‌ನಲ್ಲಿದ್ದೆ. ನಮ್ಮ ಮನೆಯಲ್ಲಿ ಆ ಚರ್ಚಿಗೆ ಸೇರಿದವನು ನಾನೊಬ್ಬನೇ. ಅದಕ್ಕೇ ನಿಮ್ಮ ಮನೆಯ ಪರಿಸ್ಥಿತಿ ನನಗೆ ಗೊತ್ತಾಗುತ್ತದೆ.

ದಿನದ ಲೆಕ್ಕ ಮೊದಲು ಹೇಳುತ್ತೇನೆ. ಬೆಳಿಗ್ಗೆ 6:30ಕ್ಕೆ ಏಳಬೇಕು. ವ್ಯಾಯಾಮ, ಸ್ನಾನ, ತಿಂಡಿ. ಆಮೇಲೆ ಓದು: ಒಂದಿಷ್ಟು ಹೊತ್ತು ಒಬ್ಬೊಬ್ಬರೇ, ಒಂದಿಷ್ಟು ಹೊತ್ತು ಇಬ್ಬರೂ ಸೇರಿ. ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ಹೆಸರುಪಟ್ಟಿ ಹಾಕಿಕೊಂಡು ಹೊರಗೆ ಹೊರಡುವುದು. ಜನರ ಭೇಟಿ, ಪಾಠ, ಯಾರದ್ದಾದರೂ ತೋಟದ ಕೆಲಸ, ಮನೆ ಬದಲಾಯಿಸುವವರಿಗೆ ಸಾಮಾನು ಹೊರುವುದು. ರಾತ್ರಿ 9ರ ಸುಮಾರಿಗೆ ಮನೆಗೆ. 10:30ಕ್ಕೆ ದೀಪ ಆರಿಸಬೇಕು. ಸಿನಿಮಾ ಇಲ್ಲ, ಟಿವಿ ಇಲ್ಲ, ಹುಡುಗಿಯರ ಜೊತೆ ತಿರುಗಾಟ ಇಲ್ಲ. ವಾರಕ್ಕೊಂದು ದಿನ, ಹೆಚ್ಚಾಗಿ ಸೋಮವಾರ, ಬಟ್ಟೆ ತೊಳೆಯಲು, ಸಾಮಾನು ತರಲು, ಕೂದಲು ಕತ್ತರಿಸಿಕೊಳ್ಳಲು. ಅದೂ ಸಂಜೆ 6ರವರೆಗೆ ಮಾತ್ರ. ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. 'ಎಲ್ಡರ್' ಅಂತ ಸೇರಿಸಿ ಮನೆತನದ ಹೆಸರು. ಎರಡು ವರ್ಷ ನನ್ನ ಹೆಸರನ್ನು ನಾನು ಕೇಳಿದ್ದು ಮನೆಯವರ ಬಾಯಲ್ಲಿ ಮಾತ್ರ.

ಈ ಟೈಮ್‌ಟೇಬಲ್ ಕೆಲವೇ ವಾರದಲ್ಲಿ ರೂಢಿಯಾಗುತ್ತದೆ. ಅದರ ಚಿಂತೆ ಬೇಡ.

ಚಿಂತೆ ಮಾಡಬೇಕಾದದ್ದು ನೀವು ಕೊನೆಗೆ ಬರೆದ ಮಾತಿನಲ್ಲಿದೆ: 'ಬೇಜಾರಾದರೆ ಒಬ್ಬನೇ ನದಿ ಕಡೆ ಹೋಗಿ ಕೂರುವ ಹುಡುಗ.' ಅಕ್ಕ, ಅಲ್ಲಿ ಒಬ್ಬನೇ ಕೂರುವ ಹಾಗಿಲ್ಲ. ಮಿಷನರಿಗಳು ಯಾವಾಗಲೂ ಜೋಡಿ. ಒಬ್ಬನ ಕಣ್ಣಳತೆಯಲ್ಲಿ, ಕೂಗಳತೆಯಲ್ಲಿ ಇನ್ನೊಬ್ಬ ಇರಲೇಬೇಕು. ಬಚ್ಚಲಮನೆ ಬಾಗಿಲು ಹಾಕಿಕೊಂಡಾಗ ಮಾತ್ರ ನೀವೊಬ್ಬರೇ. ಅಂಗಡಿಗೆ ಇಬ್ಬರು, ಡಾಕ್ಟರ ಹತ್ತಿರ ಇಬ್ಬರು, ಮಲಗುವುದು ಒಂದೇ ಕೋಣೆಯಲ್ಲಿ. ಜೊತೆಗಾರನನ್ನು ಆರಿಸುವುದೂ ನಮ್ಮ ಕೈಯಲ್ಲಿಲ್ಲ. ದೋಣಿಯಲ್ಲಿ ಇಬ್ಬರೇ ಸಮುದ್ರಕ್ಕೆ ಹೋದ ಹಾಗೆ, ಜಗಳವಾಯಿತೆಂದು ನಡುವೆ ಇಳಿದು ಹೋಗಲು ಆಗುವುದಿಲ್ಲ. ಆರು ವಾರಕ್ಕೊಮ್ಮೆ ಬದಲಾವಣೆಯ ಪಟ್ಟಿ ಬರುತ್ತದೆ. ಕೆಲವೊಮ್ಮೆ ಜೊತೆಗಾರ ಬದಲಾಗುತ್ತಾನೆ, ಕೆಲವೊಮ್ಮೆ ಊರೇ ಬದಲಾಗುತ್ತದೆ, ಕೆಲವೊಮ್ಮೆ ಅದೇ ಜೋಡಿ ಮುಂದುವರಿಯುತ್ತದೆ.

ನನ್ನ ಮೊದಲ ಜೊತೆಗಾರ ಅಮೆರಿಕದ ಐಡಾಹೊ ರಾಜ್ಯದ ರೈತರ ಮಗ. ಒಳ್ಳೆಯ ಹುಡುಗ, ಮಾತು ಜಾಸ್ತಿ. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಶುರು. ನನಗೆ ಬೆಳಿಗ್ಗೆ ಅರ್ಧ ಗಂಟೆ ಮೌನ ಬೇಕು. ನಮ್ಮೂರಲ್ಲಾದರೆ ದಡಕ್ಕೆ ಹೋಗಿ ಬಲೆ ಎಳೆಯುವುದನ್ನು ನೋಡುತ್ತಾ ನಿಲ್ಲುತ್ತಿದ್ದೆ, ಯಾರೂ ಕೇಳುತ್ತಿರಲಿಲ್ಲ. ಅಲ್ಲಿ ನಿಲ್ಲಲು ಜಾಗವೇ ಇರಲಿಲ್ಲ. ಸುತ್ತ ಜನ ಇದ್ದೂ ಇಷ್ಟು ಒಂಟಿತನ ಆಗಬಹುದು ಎಂದು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ವಾರಕ್ಕೊಮ್ಮೆ ಇಬ್ಬರೂ ಎದುರು ಬದುರು ಕೂತು ಮನಸ್ಸಿನಲ್ಲಿ ಇರುವುದನ್ನು ಹೇಳಿಕೊಳ್ಳಬೇಕು ಎಂಬ ರೂಢಿ ಇದೆ. ನಮ್ಮ ಕಡೆಯ ಹುಡುಗರಿಗೆ ಅದು ಬಹಳ ಕಷ್ಟ. ನಾವು 'ಏನಿಲ್ಲ, ಪರವಾಗಿಲ್ಲ' ಅಂದುಬಿಡುತ್ತೇವೆ. ತಮ್ಮನಿಗೆ ಈಗಲೇ ಹೇಳಿ: ಬೇಕಾದದ್ದನ್ನು ಬಾಯಿಬಿಟ್ಟು ಕೇಳು. 'ಊಟ ಆಗುವವರೆಗೆ ನನ್ನನ್ನು ಮಾತಾಡಿಸಬೇಡ ಮಾರಾಯ' ಎಂದರೆ ಐಡಾಹೊದ ಹುಡುಗನಿಗೂ ಅರ್ಥವಾಗುತ್ತದೆ. ಆಮೇಲೆ ನಾವಿಬ್ಬರೂ ಗಟ್ಟಿ ಸ್ನೇಹಿತರಾದೆವು, ಈಗಲೂ ಮಾತಾಡುತ್ತೇವೆ.

ಬಾಗಿಲು ತಟ್ಟುವ ವಿಷಯ. ಇಂಗ್ಲೆಂಡಿನ ಜನ ಬಯ್ಯುವುದು ಕಡಿಮೆ. 'ನಮಗೆ ಬೇಡ, ಥ್ಯಾಂಕ್ಸ್' ಎಂದು ಮೆಲ್ಲಗೆ ಬಾಗಿಲು ಹಾಕಿಕೊಳ್ಳುತ್ತಾರೆ. ದಿನವಿಡೀ ಅದೇ. ಡಿಸೆಂಬರಿನಲ್ಲಿ ಮಧ್ಯಾಹ್ನ 4 ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ, ಆಮೇಲೂ ಗಂಟೆಗಟ್ಟಲೆ ಸಣ್ಣ ಮಳೆಯಲ್ಲಿ ನಡೆಯಬೇಕು. ಜೂನಿನಲ್ಲಿ ಉಲ್ಟಾ, ರಾತ್ರಿ 9:30 ಆದರೂ ಬೆಳಕು, ನಿದ್ದೆ ಬರುವುದಿಲ್ಲ. ಲೀಡ್ಸ್ ಪಕ್ಕದ ಬ್ರಾಡ್‌ಫೋರ್ಡಿನಲ್ಲಿದ್ದಾಗ ನನ್ನ ಮುಖ ನೋಡಿ ಪಾಕಿಸ್ತಾನದ, ಗುಜರಾತಿನ ಹಿರಿಯರು ನಿಲ್ಲಿಸಿ ಹಿಂದಿಯಲ್ಲಿ ಕೇಳುತ್ತಿದ್ದರು: 'ಬೇಟಾ, ನೀನು ಈ ಗೋರಾ ಹುಡುಗನ ಜೊತೆ ಏನು ಮಾಡುತ್ತಿದ್ದೀಯಾ? ನಿನ್ನ ತಾಯಿಗೆ ಗೊತ್ತಾ?' ಆ ಪ್ರಶ್ನೆ ಕೇಳಿದ ದಿನ ರಾತ್ರಿ ಊಟ ಇಳಿಯುತ್ತಿರಲಿಲ್ಲ. ಆದರೆ ಹಾಗೆ ಕೇಳಿದವರೇ ಮನೆಗೆ ಕರೆದು ಊಟವನ್ನೂ ಹಾಕಿದ್ದಾರೆ. ಧರ್ಮದ ಮಾತು ಬೇಡ, ಊಟ ಮಾಡಿ ಹೋಗಿ ಅನ್ನುತ್ತಿದ್ದರು. ನಾವೂ ಆ ಮಾತು ಎತ್ತುತ್ತಿರಲಿಲ್ಲ.

ಅಡುಗೆ ಅವನೇ ಮಾಡಿಕೊಳ್ಳಬೇಕು. ತಿಂಗಳಿಗೆ ಇಂತಿಷ್ಟು ಎಂದು ಊಟದ ಖರ್ಚಿಗೆ ಕಾರ್ಡಿಗೆ ಹಾಕುತ್ತಾರೆ, ಬಾಡಿಗೆ ಮನೆ ಮಿಷನ್ ನೋಡಿಕೊಳ್ಳುತ್ತದೆ. ಚರ್ಚಿನ ಸದಸ್ಯರು ಆಗಾಗ ಊಟಕ್ಕೆ ಕರೆಯುತ್ತಾರೆ. ಈ ಚರ್ಚಿನವರು ಇಂಗ್ಲೆಂಡಿಗೆ 1837ರಲ್ಲೇ ಹೋಗಿದ್ದರು, ಅಲ್ಲಿನ ಹಳೆಯ ಸದಸ್ಯರ ಮನೆಗಳಲ್ಲಿ ಮಿಷನರಿಗೆ ಊಟ ಹಾಕುವುದು ತುಂಬಾ ಹಿಂದಿನಿಂದ ಬಂದ ರೂಢಿ. ಆದರೆ ಉಪ್ಪು ಮಾತ್ರ ಹಾಕಿದ ಬೇಯಿಸಿದ ಆಲೂಗಡ್ಡೆ ಎಷ್ಟು ದಿನ ತಿನ್ನಲು ಸಾಧ್ಯ? ಹಾಗಾಗಿ ಹೊರಡುವ ಮೊದಲು ಮಾಯ್ ಅವನಿಗೆ ಒಂದು ಸಾರು ಕಲಿಸಲಿ. ಅಲ್ಲಿ ಬಾಂಗಡೆ ಸಿಗುತ್ತದೆ, ಅಕ್ಕ! ಮೀನು ಅಂಗಡಿಯಲ್ಲಿ ಬೇರೆ ಮೀನಿಗಿಂತ ಅಗ್ಗ. ನಮ್ಮ ಬಾಂಗಡೆಗಿಂತ ಉದ್ದ, ಕೊಬ್ಬು ಜಾಸ್ತಿ, ರುಚಿ ಬೇರೆ, ಆದರೂ ಬಾಂಗಡೆಯೇ. ತೆಂಗಿನಹಾಲು ಡಬ್ಬದಲ್ಲಿ, ಹುಣಸೆ, ಮೆಣಸು, ಅಕ್ಕಿ ಎಲ್ಲ ಬ್ರಾಡ್‌ಫೋರ್ಡ್, ಲೀಡ್ಸ್‌ನ ಏಷ್ಯನ್ ಅಂಗಡಿಗಳಲ್ಲಿ ಇದೆ. ಸಿಗದಿರುವುದು ಮೀನು ಸಾರಿಗೆ ಹಾಕುವ ನಮ್ಮ ಮಸಾಲೆ ಕಾಯಿ, ಜುಮ್ಮನಕಾಯಿ. ಅದನ್ನು ಕಟ್ಟಿಕೊಡಿ, ಜೊತೆಗೆ ಕೋಕಂ ಸಿಪ್ಪೆ. ಭಾನುವಾರ ರಾತ್ರಿ ಬಾಂಗಡೆ ಸಾರು ಮಾಡಿದರೆ ಅಕ್ಕಪಕ್ಕದ ಊರಿನ ಮಿಷನರಿಗಳೂ ಸೋಮವಾರ ಬಂದು ಉಳಿದದ್ದನ್ನು ತಿನ್ನುತ್ತಿದ್ದರು. ನನ್ನ ಎರಡು ವರ್ಷದಲ್ಲಿ ಮನಸ್ಸು ಹಗುರಾದ ಹೊತ್ತು ಲೆಕ್ಕ ಹಾಕಿದರೆ ಹೆಚ್ಚಿನವು ಆ ಸಣ್ಣ ಅಡುಗೆಮನೆಯಲ್ಲೇ. ತಿಂಗಳ ಮೊದಲ ಭಾನುವಾರ ಉಪವಾಸ ಇರುತ್ತದೆ, ಎರಡು ಹೊತ್ತಿನ ಊಟ ಬಿಡುತ್ತಾರೆ. ಅದು ಮಾಯ್‌ಗೆ ಹೊಸದೇನಲ್ಲ ಅಲ್ವಾ.

ಫೋನಿನ ವಿಷಯದಲ್ಲಿ ನೀವು ಅದೃಷ್ಟವಂತರು. ನನ್ನ ಕಾಲದಲ್ಲಿ ಮನೆಗೆ ಮಾತಾಡಲು ಅವಕಾಶ ಇದ್ದದ್ದು ಕ್ರಿಸ್‌ಮಸ್‌ಗೆ ಮತ್ತು ಅಮ್ಮಂದಿರ ದಿನಕ್ಕೆ. ಉಳಿದದ್ದೆಲ್ಲ ವಾರಕ್ಕೊಮ್ಮೆ ಇಮೇಲ್. ನಮ್ಮಮ್ಮನಿಗೆ ಇಮೇಲ್ ಬರುತ್ತಿರಲಿಲ್ಲ, ಅಣ್ಣ ಓದಿ ಹೇಳುತ್ತಿದ್ದ. 2019ರ ಫೆಬ್ರವರಿಯಲ್ಲಿ ನಿಯಮ ಬದಲಾಯಿತು. ಈಗ ಪ್ರತಿ ವಾರ ಆ ಬಿಡುವಿನ ದಿನ ವಿಡಿಯೊ ಕಾಲ್ ಮಾಡಬಹುದು.

ಆ ಕಾಲ್‌ನಲ್ಲಿ ಏನು ಮಾತಾಡುತ್ತೀರಿ ಅನ್ನುವುದು ಬಹಳ ಮುಖ್ಯ. 'ಯಾವಾಗ ಬರುತ್ತೀಯಾ' ಎಂದು ಪ್ರತಿ ವಾರ ಕೇಳಬೇಡಿ. 'ಎಷ್ಟು ಜನ ಸೇರಿದರು' ಎಂದೂ ಕೇಳಬೇಡಿ. ಎಷ್ಟೋ ತಿಂಗಳು ಯಾರೂ ಸೇರುವುದಿಲ್ಲ, ಅವನಿಗೆ ಅದೇ ನೋವು ಇರುತ್ತದೆ. ಏನು ಅಡುಗೆ ಮಾಡಿದೆ, ಶೂ ಒದ್ದೆಯಾಯಿತಾ, ಜೊತೆಗಾರ ಹೇಗಿದ್ದಾನೆ ಎಂದು ಕೇಳಿ. ಊರಿನ ಸಣ್ಣ ಸುದ್ದಿ ಹೇಳಿ. ಬಂದರಿಗೆ ಯಾವ ಮೀನು ಬಂತು, ಕಾಳಿ ನೀರು ಎಷ್ಟು ಕೆಂಪಾಗಿದೆ, ಯಾರ ಮನೆಯ ಮದುವೆ. ಪಪ್ಪ ಮಾತಾಡದಿದ್ದರೂ ಪರದೆಯ ಮುಂದೆ ಬಂದು ಕೂರಲಿ. ನಮ್ಮಪ್ಪ ಒಂದು ಕ್ರಿಸ್‌ಮಸ್‌ಗೆ ಬಂದು ಸುಮ್ನೆ ಕೂತಿದ್ದರು, ಒಂದೂ ಮಾತಾಡಲಿಲ್ಲ. ನನಗೆ ಅಷ್ಟು ಸಾಕಾಗಿತ್ತು.

ಇನ್ನು ವಾಪಸ್ ಬರುವ ವಿಷಯ. ಬರಬಹುದು. ಇದು ಸ್ವಂತ ಇಷ್ಟದಿಂದ ಮಾಡುವ ಸೇವೆ, ಯಾರೂ ಕಟ್ಟಿಹಾಕುವುದಿಲ್ಲ. ಮಿಷನ್‌ಗೆ ಒಬ್ಬ ಅಧ್ಯಕ್ಷರು ಇರುತ್ತಾರೆ, ಹೆಂಡತಿಯ ಜೊತೆ 3 ವರ್ಷ ಅಲ್ಲೇ ಇರುತ್ತಾರೆ. ಹುಡುಗರು ಪ್ರತಿ ವಾರ ಅವರಿಗೆ ಪತ್ರ ಬರೆಯಬೇಕು. ಹುಷಾರು ತಪ್ಪಿದರೆ ಅವರಿಗೇ ಮೊದಲ ಫೋನ್. ಮನಸ್ಸು ಕುಗ್ಗಿದರೆ ಕೌನ್ಸೆಲಿಂಗ್ ಕೂಡ ಕೊಡಿಸುತ್ತಾರೆ. ನನ್ನ ಜೊತೆಗಿದ್ದ ಒಬ್ಬ ಹುಡುಗನಿಗೆ ರಾತ್ರಿ ನಿದ್ದೆಯೇ ಇಲ್ಲ, ಎದೆ ಬಡಿತ. ಬಹಳ ದಿನ ಮುಚ್ಚಿಟ್ಟ. ಕಾರಣ ಭಕ್ತಿ ಕಡಿಮೆಯಾಗಿದ್ದಲ್ಲ. 'ಅರ್ಧಕ್ಕೆ ಬಂದೆ ಎಂದು ಊರಿನವರು ಏನನ್ನುತ್ತಾರೆ' ಎಂಬ ಭಯ. ಕೊನೆಗೆ ಮನೆಗೆ ಹೋದ, ಚಿಕಿತ್ಸೆ ತೆಗೆದುಕೊಂಡ, ಈಗ ಆರಾಮಿದ್ದಾನೆ. ಇದು ನನಗೆ ಎಲ್ಲಕ್ಕಿಂತ ಮುಖ್ಯ ಅಕ್ಕ: ಹೊರಡುವ ಮೊದಲೇ ಪಪ್ಪನ ಬಾಯಿಂದ ಅವನಿಗೆ ಒಂದು ಮಾತು ಸಿಗಲಿ. 'ಎರಡು ವರ್ಷಕ್ಕೆ ಬಂದರೂ ಸರಿ, ಎರಡು ತಿಂಗಳಿಗೆ ಬಂದರೂ ಸರಿ, ಇದು ನಿನ್ನ ಮನೆ.' ಆ ಒಂದು ಮಾತು ಇದ್ದರೆ ಎಷ್ಟೋ ಹುಡುಗರು ಕಷ್ಟವನ್ನು ಮುಚ್ಚಿಡುವುದಿಲ್ಲ.

ಶರಾವತಿ ಕಡವು:

ತಂಗಿ, ನಾನು ಹೊನ್ನಾವರದ ಕ್ಯಾಥೊಲಿಕ್, ನಿವೃತ್ತ ಶಿಕ್ಷಕ. ಬೇಲೇಕೇರಿಯವರು ಮನಸ್ಸು ಬಿಚ್ಚಿ ಬರೆದಿದ್ದಾರೆ, ಅವರಿಗೆ ಧನ್ಯವಾದ. ಆದರೆ ಒಂದು ಮಾತು ಹೇಳಲೇಬೇಕು. ಮಾಯ್‌ಗೆ ಸಮಾಧಾನ ಮಾಡಲು 'ಎಲ್ಲ ಒಂದೇ ಮಾಯ್, ಅದೂ ಏಸುವಿನ ಚರ್ಚೇ' ಎಂದು ಹೇಳಬೇಡಿ. ಅವರ ಜ್ಞಾನಸ್ನಾನವನ್ನು ನಮ್ಮ ಕ್ಯಾಥೊಲಿಕ್ ಸಭೆ (ಚರ್ಚು) ಒಪ್ಪುವುದಿಲ್ಲ ಎಂದು ರೋಮ್‌ನ ವ್ಯಾಟಿಕನ್ 2001ರಲ್ಲೇ ಸ್ಪಷ್ಟವಾಗಿ ಹೇಳಿದೆ. ಅವರೂ ನಮ್ಮದನ್ನು ಒಪ್ಪುವುದಿಲ್ಲ, ಅದಕ್ಕೇ ನಿಮ್ಮ ತಮ್ಮನಿಗೆ ಹೊಸದಾಗಿ ಕೊಟ್ಟದ್ದು. ವ್ಯತ್ಯಾಸ ದೊಡ್ಡದು. ಮಾಯ್ ಅಳುವುದಕ್ಕೆ ಕಾರಣ ಇದೆ. ಆ ಅಳುವನ್ನು ಸಣ್ಣದು ಮಾಡಬೇಡಿ.

ಹಾಗೆಂದು ಬಾಗಿಲು ಮುಚ್ಚಲೂ ಬೇಡಿ. ನನ್ನ ಅಣ್ಣನ ಮಗಳು ಕನ್ಯಾಸ್ತ್ರೀಯಾಗಿ ಆಫ್ರಿಕಾಕ್ಕೆ ಹೋದಳು. ಅದು ನಮ್ಮದೇ ಸಭೆ, ಊರೆಲ್ಲ ಹೆಮ್ಮೆ ಪಟ್ಟಿತು, ಆದರೂ ಅತ್ತಿಗೆ ವರ್ಷಗಟ್ಟಲೆ ಅವಳ ಕೋಣೆ ಗುಡಿಸಿ ಹಾಗೇ ಇಟ್ಟಿದ್ದರು. ಮಾಯ್ ಅವನಿಗಾಗಿ ತೇರ್ಸ ಹೇಳಲಿ. ಅವನಿಗೆ ಅದನ್ನು ಹೇಳಲೂ ಹೇಳಲಿ. ಅವನು ಬೇಡ ಅನ್ನುವುದಿಲ್ಲ.

ಬೇಲೇಕೇರಿ ಹುಡುಗ:

ಮಾಸ್ತರರೇ, ನೀವು ಹೇಳಿದ್ದು ಸರಿ. ವ್ಯತ್ಯಾಸ ಇದೆ, ಅದನ್ನು ನಾನೂ ಮುಚ್ಚಿ ಹೇಳಬಾರದು. ನಾನು ಈ ಚರ್ಚನ್ನು ನಂಬಿಯೇ ಹೋದವನು, ಈಗಲೂ ನಂಬುತ್ತೇನೆ. ಆದರೆ ನನ್ನ ನಂಬಿಕೆಗೆ ನಮ್ಮಮ್ಮ ಕೊಟ್ಟ ಬೆಲೆ ನನಗೆ ಗೊತ್ತು. ಮತ್ತೆ, ತಾಯಿ ತನಗಾಗಿ ಪ್ರಾರ್ಥನೆ ಮಾಡುತ್ತಾಳೆ ಎಂದರೆ ಯಾವ ಮಿಷನರಿಯೂ ಬೇಡ ಅನ್ನುವುದಿಲ್ಲ.

ಕೋಡಿಬಾಗದ ಅಕ್ಕ:

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ಸಂಜೆ ತವರಿಗೆ ಹೋಗಿ ಮಾಯ್‌ಗೆ ಎಲ್ಲ ಓದಿ ಹೇಳಿದೆ. ಮಾಸ್ತರರ ಮಾತು ಕೇಳಿ ಅತ್ತಳು, ಆದರೆ ಅದು ಬೇರೆ ಥರದ ಅಳು. 'ನನ್ನ ದುಃಖ ಒಬ್ಬರಿಗಾದರೂ ತಿಳಿಯಿತು' ಎಂದಳು. ಐಡಾಹೊ ಹುಡುಗನ ಕಥೆಯನ್ನು ತಮ್ಮನಿಗೂ ಕಳಿಸಿದೆ. ರಾತ್ರಿ ಅವನೇ ಫೋನ್ ಮಾಡಿದ. ಹೆದರಿಕೆ ಇದೆ ಅಕ್ಕ ಎಂದು ಮೊದಲ ಸಲ ಹೇಳಿದ. ಪಪ್ಪನಿಗೆ ನೀವು ಹೇಳಿದ ಮಾತನ್ನು ಓದಿ ಹೇಳಿದ್ದೇನೆ. ಅವರು ಅವನಿಗೆ ಹೇಳುತ್ತಾರೋ ಇಲ್ಲವೋ ನೋಡಬೇಕು.

ಇನ್ನೆರಡು ಪ್ರಶ್ನೆ. ವೀಸಾಗೆ ಏನೋ ಎಕ್ಸ್‌ರೇ ಅಂತಿದ್ದಾನೆ, ಏನಾದರೂ ತೊಂದರೆಯಾ? ಮತ್ತೆ ಬ್ಯಾಗಿಗೆ ಏನೇನು ಹಾಕಲಿ? ಮಾಯ್ ಈಗಾಗಲೇ ಒಣಮೀನು, ದೂಧ್‌ಪೇಡಾ ಅಂತ ಶುರು ಮಾಡಿದ್ದಾಳೆ.

ಬೇಲೇಕೇರಿ ಹುಡುಗ:

ಎಕ್ಸ್‌ರೇಗೆ ಹೆದರಬೇಡಿ. ಭಾರತದಿಂದ ಆರು ತಿಂಗಳಿಗಿಂತ ಜಾಸ್ತಿ ದಿನಕ್ಕೆ ಬ್ರಿಟನ್ನಿಗೆ ಹೋಗುವ ಎಲ್ಲರಿಗೂ ಕ್ಷಯದ ಪರೀಕ್ಷೆ ಇದೆ. ಅವರು ಒಪ್ಪಿದ ಕ್ಲಿನಿಕ್‌ನಲ್ಲೇ ಮಾಡಿಸಬೇಕು, ಬೆಂಗಳೂರಿನಲ್ಲಿ ಇದೆ. ಸರ್ಟಿಫಿಕೇಟ್ ಆರು ತಿಂಗಳು ನಡೆಯುತ್ತದೆ, ತುಂಬಾ ಮೊದಲೇ ಮಾಡಿಸಬೇಡಿ. ವೀಸಾ ಧಾರ್ಮಿಕ ಕೆಲಸದವರಿಗೆ ಕೊಡುವ ತಾತ್ಕಾಲಿಕ ವೀಸಾ, ಹೆಚ್ಚೆಂದರೆ 24 ತಿಂಗಳು. ಅದರ ಜೊತೆ ಆರೋಗ್ಯ ಶುಲ್ಕವನ್ನೂ ಕಟ್ಟಿರುತ್ತಾರೆ, ಹಾಗಾಗಿ ಅಲ್ಲಿನ ಸರ್ಕಾರಿ ಡಾಕ್ಟರಿಗೆ ತೋರಿಸಬಹುದು. 2020ರಿಂದ ತರಬೇತಿಯ ಮೊದಲ ಭಾಗ ಮನೆಯಲ್ಲೇ ಆನ್‌ಲೈನ್. ಅದನ್ನು ಬೆಂಗಳೂರಿನ ರೂಮಿನಲ್ಲಿ ಮಾಡುವ ಬದಲು ಕೋಡಿಬಾಗದಲ್ಲಿ ಮಾಡಲು ಹೇಳಿ. ಮಾಯ್ ಅವನು ಏನು ಕಲಿಯುತ್ತಾನೆ ಎಂದು ಕಣ್ಣಾರೆ ನೋಡಲಿ, ಸಾರು ಕಲಿಸಲೂ ಸಮಯ ಸಿಗುತ್ತದೆ.

ಪೇಡಾ ಬೇಡ, ಹಾಲಿನ ಪದಾರ್ಥ ಒಯ್ಯಲು ಅಲ್ಲಿ ಬಿಡುವುದಿಲ್ಲ. ಒಣಮೀನೂ ಬೇಡ, ಒಂದೇ ಕೋಣೆಯಲ್ಲಿ ಮಲಗುವ ಜೊತೆಗಾರನಿಗೆ ಆ ವಾಸನೆ ಕಷ್ಟ. ಜುಮ್ಮನಕಾಯಿ, ಕೋಕಂ, ಮನೆಯ ಮಸಾಲೆ ಪುಡಿ, ಸಿರ್ಸಿಯವರು ಹೇಳಿದ ಕಷಾಯದ ಪುಡಿ ಸಾಕು. ದಪ್ಪ ಸ್ವೆಟರ್ ಇಲ್ಲಿಂದ ಹೊರಬೇಡಿ, ಅಲ್ಲಿ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಒಳ್ಳೆಯ ಕೋಟು ಅಗ್ಗಕ್ಕೆ ಸಿಗುತ್ತದೆ. ಶೂ ಮಾತ್ರ ಗಟ್ಟಿಯದು ಎರಡು ಜೊತೆ ಬೇಕು, ಒಂದು ಒಣಗುವಾಗ ಇನ್ನೊಂದು ಹಾಕಿಕೊಳ್ಳಲು. ಹೊರಡುವ ಮೊದಲು ಮನೆಯಲ್ಲೇ ಹಾಕಿ ನಡೆದು ಕಾಲಿಗೆ ಹದ ಮಾಡಿಕೊಳ್ಳಲಿ. ನಾನು ಕಾರವಾರದಲ್ಲೇ ಇದ್ದೇನೆ, ಭಾನುವಾರ ಬಿಡುವು. ತಮ್ಮ ಊರಿಗೆ ಬಂದಾಗ ಇಲ್ಲಿ ಒಂದು ಮೆಸೇಜ್ ಹಾಕಿ, ಮನೆಗೆ ಬಂದು ಮಾಯ್ ಹತ್ತಿರವೂ ಮಾತಾಡುತ್ತೇನೆ.